ಕ್ಷಮಿಸು ಅಂದರೆ ಸುಮ್ಮನಿರು ಅಂತಲ್ಲ

“ಟೀಚರ್, ನಿಮ್ಮದು ಕ್ರಿಶ್ಚಿಯನ್ ಸ್ಕೂಲ್. ಕ್ಷಮಿಸಬೇಕು ಅಂತ ಕಲಿಸ್ತೀರಿ. ಹಾಗಾದ್ರೆ ನನ್ನ ಮಗ ಪೆಟ್ಟು ತಿಂದು ಸುಮ್ನೆ ಮನೆಗೆ ಬರಬೇಕಾ?”

ಮಂಗಳೂರು ಕಡೆಯ ಕ್ಯಾಥೊಲಿಕ್ ಶಾಲೆಗಳಲ್ಲಿ 19 ವರ್ಷದಿಂದ ಮೌಲ್ಯ ಶಿಕ್ಷಣ ಪಾಠ ಮಾಡುತ್ತಿದ್ದೇನೆ. ಈ ಪ್ರಶ್ನೆ ಬಾರದ ವರ್ಷವೇ ಇಲ್ಲ. ನನ್ನ ಉತ್ತರವೂ ಬದಲಾಗಿಲ್ಲ. ಬೇಡ, ಸುಮ್ನೆ ಬರಬಾರದು. ಹಾಗಂತ ನಾವು ಯಾವತ್ತೂ ಕಲಿಸಿಲ್ಲ.

ಕ್ರೈಸ್ತ ಮಕ್ಕಳು ಕ್ಯಾಟೆಕಿಸಂಗೆ, ಅಂದರೆ ತಮ್ಮ ಧರ್ಮದ ಪಾಠಕ್ಕೆ ಹೋದಾಗ ಉಳಿದ ಮಕ್ಕಳು ಮಾರಲ್ ಸೈನ್ಸ್‌ಗೆ ನನ್ನ ಹತ್ತಿರ ಬರುತ್ತಾರೆ. ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿಯಲ್ಲೇ ಅದು ಇದೆ. ಆದರೆ ಕ್ಷಮೆಯ ಪಾಠ ಎರಡೂ ಕೋಣೆಯಲ್ಲಿ ನಡೆಯುತ್ತದೆ. ಎರಡೂ ಕಡೆ ಅಷ್ಟೇ ಕಷ್ಟ. ಸೇಡು ತೀರಿಸುವ ಹೀರೋಗೆ ಶಿಳ್ಳೆ ಹೊಡೆದು ಬಂದ ಮಕ್ಕಳು ಅವರು. ಒಬ್ಬಳು ಹುಡುಗಿ ಕೇಳಿದ್ದಳು: “ಕ್ಷಮಿಸಿದ ಹೀರೋ ಯಾರಿದ್ದಾರೆ ಟೀಚರ್?” ನನಗೆ ತಕ್ಷಣ ಒಂದು ಹೆಸರೂ ಹೊಳೆಯಲಿಲ್ಲ.

ಬೈಬಲ್‌ನಲ್ಲಿ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡಿ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಅಂತ ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ. ಏಳಲ್ಲ, ಎಪ್ಪತ್ತು ಏಳು ಸಲ ಅನ್ನುತ್ತಾನೆ ಯೇಸು. ಇದು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಸ್ವಲ್ಪ ಮೇಲೆ, 15ನೇ ವಚನದಿಂದ ಇರುವುದನ್ನು ಯಾರೂ ಓದುವುದಿಲ್ಲ. ನಿನಗೆ ತಪ್ಪು ಮಾಡಿದವನ ಹತ್ತಿರ ಹೋಗು, ಇಬ್ಬರೇ ಇರುವಾಗ ಅವನ ತಪ್ಪನ್ನು ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ಇಡು. ಹೇಳುವುದು ಮೊದಲು, ಲೆಕ್ಕವಿಲ್ಲದೆ ಕ್ಷಮಿಸುವ ಮಾತು ಆಮೇಲೆ. ಆದ್ದರಿಂದ ನಾನು ಮಕ್ಕಳಿಗೆ ಮೊದಲು ಕಲಿಸುವುದು “ನೀನು ಮಾಡಿದ್ದು ನನಗೆ ನೋವಾಯಿತು” ಅಂತ ಎದುರಿಗೆ ನಿಂತು ಹೇಳುವುದನ್ನು. ಇದಕ್ಕೆ ತಿರುಗಿ ಹೊಡೆಯುವುದಕ್ಕಿಂತ ಜಾಸ್ತಿ ಧೈರ್ಯ ಬೇಕು.

ನಾವು ಶಿಕ್ಷಕರೂ ತಪ್ಪು ಮಾಡುತ್ತೇವೆ. ಜಗಳ ಆದ ಕೂಡಲೇ ಇಬ್ಬರನ್ನೂ ಕರೆದು “ಸಾರಿ ಹೇಳು, ಶೇಕ್ ಹ್ಯಾಂಡ್ ಮಾಡು” ಅಂತೀವಿ. ಪೆಟ್ಟು ತಿಂದ ಮಗು ಕೈ ಕೊಡುತ್ತದೆ, ಯಾಕೆಂದರೆ ಬೇರೆ ದಾರಿ ಇಲ್ಲ. ಅದನ್ನು ಕ್ಷಮೆ ಅನ್ನಬೇಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಹೇಳುತ್ತಿರುವುದು ಮಕ್ಕಳ ನಡುವಿನ ಜಗಳದ ಬಗ್ಗೆ ಮಾತ್ರ. ಮಗುವಿನ ಮೈ ಮುಟ್ಟಿ ಯಾರಾದರೂ ಕಿರುಕುಳ ಕೊಟ್ಟರೆ ಅಲ್ಲಿ ಕ್ಷಮೆಯ ಮಾತೇ ಎತ್ತಬಾರದು. ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕೆಲವು ವರ್ಷದ ಹಿಂದೆ ನಡೆದದ್ದು, ಗುರುತು ಸಿಗದ ಹಾಗೆ ಹೇಳುತ್ತೇನೆ. ಸ್ಕೂಲ್ ಡೇ ದಿನ ಎಂಟನೇ ಕ್ಲಾಸಿನ ಹುಡುಗ ವೇದಿಕೆಯಲ್ಲಿ ತೊದಲಿದ. ಇನ್ನೊಬ್ಬ ಅದರ ವಿಡಿಯೋಗೆ ಹಾಡು ಸೇರಿಸಿ ವಾಟ್ಸಾಪ್ ಗ್ರೂಪಿಗೆ ಹಾಕಿದ. ತೊದಲಿದ ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. “ಸಾರಿ ಹೇಳಿ ಆಯ್ತಲ್ಲ ಟೀಚರ್, ಇನ್ನೇನು?” ಅಂತ ವಿಡಿಯೋ ಹಾಕಿದವನ ತಾಯಿ ಕೇಳಿದರು. ಅವರು ಕೆಟ್ಟವರಲ್ಲ, ಹೆದರಿದ್ದರು. ಮೂರು ಸಲ ಇಬ್ಬರನ್ನೂ ಕೂರಿಸಿದೆ. ಮೊದಲೆರಡು ಸಲ ತೊದಲುವ ಹುಡುಗ ಬಾಯಿಯೇ ಬಿಡಲಿಲ್ಲ. ಮೂರನೇ ಸಲ ಒಂದೊಂದೇ ಪದ ಹೇಳಿದ. ನಾವು ಕಾದೆವು, ಮಧ್ಯೆ ಬಾಯಿ ಹಾಕಲಿಲ್ಲ. ವಿಡಿಯೋ ಹಾಕಿದವನು ಅಳಲು ಶುರು ಮಾಡಿದ. ಆಮೇಲೆ ಗ್ರೂಪಿನಲ್ಲಿದ್ದ ಒಬ್ಬೊಬ್ಬರ ಹತ್ತಿರವೂ ತಾನೇ ಹೋಗಿ ವಿಡಿಯೋ ಅಳಿಸಿ ಅಂತ ಕೇಳಿದ.

ಅವರು ಸ್ನೇಹಿತರಾಗಲಿಲ್ಲ. ಆಗಲೇಬೇಕು ಅಂತ ನಾನೂ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ತೊದಲುವ ಹುಡುಗ ಸ್ಟಾಫ್ ರೂಮ್ ಬಾಗಿಲಿಗೆ ಬಂದು ನಿಂತ. “ಟೀಚರ್, ಇವತ್ತು ಅವನ ಹತ್ತಿರ ಸ್ಕೇಲ್ ಕೇಳಿದೆ” ಅಂದ.