ಫ್ಲೆಮಿಂಗೊ, ಬ್ಯಾಡಗಿ ಮೆಣಸಿನಕಾಯಿ ಮತ್ತು ರಾತ್ರಿ ಒಂದು ಗಂಟೆಯ ಶೂಟಿಂಗ್

ಕಳೆದ ಭಾನುವಾರ ಡೊಂಬಿವಿಲಿಯಲ್ಲಿ ನಮ್ಮ ಗುಂಪು ಬರೆದ ಸಾಮಾನ್ಯ ಜ್ಞಾನದ ಟೆಸ್ಟ್ ನೆನಪಿದೆ ಅಲ್ವಾ? ಫ್ಲೆಮಿಂಗೊ ಮರಿಯ ಬಣ್ಣ ಯಾವುದು ಅಂತ ಕೇಳಿದ್ದರು. ನಾನೂ ಸೇರಿ ಮುಕ್ಕಾಲುಪಾಲು ಜನ ಕಣ್ಣು ಮುಚ್ಚಿ ಗುಲಾಬಿಗೆ ಟಿಕ್ ಹಾಕಿದೆವು. ಸರಿ ಉತ್ತರ ಬೂದು.

ಪ್ರತಿ ವರ್ಷ ಮುಂಬೈ ಬದಿಯ ಠಾಣೆ ಖಾಡಿಗೆ (ಸಮುದ್ರದ ನೀರು ಒಳನುಗ್ಗುವ ಹಿನ್ನೀರಿಗೆ), ಶಿವಡಿಯ ಕೆಸರಿಗೆ ಸಾವಿರಗಟ್ಟಲೆ ಬಂದಿಳಿಯುವ ಹಕ್ಕಿ ಇದು. ಐರೋಲಿ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ನೋಡಿದವರೇ ನಾವೆಲ್ಲ. ಗುಂಪಿನ ನಡುವೆ ಅಲ್ಲಲ್ಲಿ ಮಾಸಿದ ಬೂದು ಬಣ್ಣದವೂ ಇರುತ್ತವೆ. ಅವು ಬೇರೆ ಜಾತಿಯವಲ್ಲ, ಇನ್ನೂ ಬಣ್ಣ ಬಾರದ ಎಳೆಯ ಹಕ್ಕಿಗಳು. ಆ ಗುಲಾಬಿ ಹುಟ್ಟಿನಿಂದ ಬಂದದ್ದಲ್ಲ, ತಿಂದು ತಿಂದು ಬಂದದ್ದು.

ಫ್ಲೆಮಿಂಗೊ ತಲೆಯನ್ನು ಬುಡಮೇಲು ಮಾಡಿ ಕೊಕ್ಕನ್ನು ನೀರಿಗಿಳಿಸುತ್ತದೆ. ನಾಲಿಗೆ ಪಂಪಿನ ಹಾಗೆ ನೀರನ್ನು ಒಳಗೆಳೆದು ಹೊರಗೆ ತಳ್ಳುತ್ತದೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಸಾಲು ಇದೆ. ಪಾಚಿಯೂ ಸಣ್ಣ ಜೀವಿಗಳೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಈ ಆಹಾರದಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣವೇ ರೆಕ್ಕೆಪುಕ್ಕಕ್ಕೆ ಇಳಿಯುತ್ತದೆ. ಪೂರ್ತಿ ಗುಲಾಬಿಯಾಗಲು ಎರಡು ಮೂರು ವರ್ಷ ಬೇಕು.

ಕ್ಯಾರೊಟಿನಾಯ್ಡ್ ಅನ್ನುವ ಹೆಸರು ನಾಲಿಗೆಗೆ ಹತ್ತದಿದ್ದರೆ ಅಡುಗೆಮನೆಗೆ ಹೋಗಿ. ಹಲ್ವಾ ಮಾಡುವಾಗ ಗಜ್ಜರಿ ತುರಿಯನ್ನು ತುಪ್ಪದಲ್ಲಿ ಹುರಿದರೆ ತುಪ್ಪವೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪೂ ಇದೇ ಮನೆತನದ್ದು, ಹೆಸರು ಕ್ಯಾಪ್ಸಾಂಥಿನ್. ಖಾರ ಕೊಡುವುದು ಕ್ಯಾಪ್ಸೈಸಿನ್, ಅದು ಬೇರೆಯೇ ವಸ್ತು. ಅದಕ್ಕೇ ಬ್ಯಾಡಗಿ ಹಾಕಿದ ಸಾರು ನೋಡಲು ಕೆಂಡ, ಬಾಯಿಗೆ ಅಷ್ಟೇನೂ ಖಾರವಿಲ್ಲ. ಪರೀಕ್ಷೆಯಲ್ಲಿ ಈ ಎರಡು ಹೆಸರನ್ನು ಅದಲುಬದಲು ಮಾಡುವವರೇ ಜಾಸ್ತಿ.

ಇಷ್ಟು ತಿಳಿದರೆ ಲೋಣಾರ್ ಸರೋವರದ ಪ್ರಶ್ನೆಯೂ ಕೈಗೆ ಸಿಕ್ಕ ಹಾಗೆ. ಬುಲ್ಢಾಣಾ ಜಿಲ್ಲೆಯಲ್ಲಿ ಉಲ್ಕೆ ಬಿದ್ದು ಕಪ್ಪುಕಲ್ಲಿನಲ್ಲಿ ಆದ ಗುಂಡಿ ಅದು. 2020ರ ಜೂನ್‌ನಲ್ಲಿ ಅದರ ನೀರು ಗುಲಾಬಿಯಾಯಿತು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ನೀರನ್ನು ಪರೀಕ್ಷಿಸಿ, ಉಪ್ಪುನೀರನ್ನು ಇಷ್ಟಪಡುವ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ ಎಂದರು. ಆ ಜೀವಿಗಳ ಬಣ್ಣವೂ ಕ್ಯಾರೊಟಿನಾಯ್ಡೇ. ಇಸವಿ ಕೇಳುವವರೂ ಇದ್ದಾರೆ: ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಲೋಣಾರ್ ಸೇರಿದ್ದು 2020ರಲ್ಲಿ, ಠಾಣೆ ಖಾಡಿ 2022ರಲ್ಲಿ.

ಇನ್ನು ಸಿನಿಮಾ. 'ರಾಜಾ ಹರಿಶ್ಚಂದ್ರ' 1913, ಫಾಲ್ಕೆ, ದೇಶದ ಮೊದಲ ಪೂರ್ಣಪ್ರಮಾಣದ ಮೂಕಿ. 'ಆಲಂ ಆರಾ' 1931ರ ಮಾರ್ಚ್ 14, ಅರ್ದೇಶಿರ್ ಇರಾನಿ, ದೇಶದ ಮೊದಲ ಟಾಕಿ. ಮುಂಬೈಯ ಮೆಜೆಸ್ಟಿಕ್ ಥಿಯೇಟರಿನಲ್ಲಿ ಬಿಡುಗಡೆ. ಸುಮ್ನೆ ಉರು ಹೊಡೆದರೆ ಇವು ನಾಳೆಗೆ ಮರೆತು ಹೋಗುತ್ತವೆ. 'ಆಲಂ ಆರಾ'ವನ್ನು ಹೇಗೆ ತೆಗೆದರು ಅನ್ನುವುದನ್ನು ಹಿಡಿದುಕೊಳ್ಳಿ. ಸ್ಟುಡಿಯೋ ಇದ್ದದ್ದು ರೈಲು ಹಳಿಯ ಹತ್ತಿರ. ಚಿತ್ರ, ಮಾತು ಎರಡೂ ಒಂದೇ ಫಿಲ್ಮಿನ ಮೇಲೆ ಒಟ್ಟಿಗೇ ದಾಖಲಾಗುತ್ತಿದ್ದವು. ಮಧ್ಯೆ ರೈಲು ಹೋದರೆ ಆ ಸದ್ದೂ ಅಲ್ಲೇ ಕೂತುಬಿಡುತ್ತಿತ್ತು. ಹಾಗಾಗಿ ಹೆಚ್ಚಿನ ಶೂಟಿಂಗ್ ನಡೆದದ್ದು ರಾತ್ರಿ ಒಂದರಿಂದ ನಾಲ್ಕರ ನಡುವೆ, ರೈಲು ಓಡದ ಹೊತ್ತಿನಲ್ಲಿ. ಮೈಕನ್ನು ಕ್ಯಾಮೆರಾಕ್ಕೆ ಕಾಣದ ಹಾಗೆ ನಟರ ಪಕ್ಕದಲ್ಲೇ ಬಚ್ಚಿಡುತ್ತಿದ್ದರು. ಕೊನೆಯ ಕರ್ಜತ್ ಲೋಕಲ್ ಹಿಡಿದು ಮನೆ ಸೇರುವ ನನಗೆ ಇದನ್ನು ಮರೆಯಲು ಸಾಧ್ಯವೇ ಇಲ್ಲ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ, ಚಿತ್ರೀಕರಣ ಆದದ್ದು ಕೊಲ್ಹಾಪುರದಲ್ಲಿ. ಈ ಎರಡು ಟಾಕಿಗಳ ಪ್ರತಿ ಇವತ್ತು ಎಲ್ಲೂ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗುವ ಹೊತ್ತಿಗೆ 1964 ಆಗಿತ್ತು.

ಗದ್ದಲ ತಪ್ಪಿಸಿಕೊಳ್ಳುವ ಇದೇ ಕಷ್ಟ ವಿಜ್ಞಾನದ ಭಾಗದಲ್ಲೂ ಬರುತ್ತದೆ. ಪುಣೆಯಿಂದ ನಾಸಿಕ್ ರಸ್ತೆಯಲ್ಲಿ ಹೋದರೆ ನಾರಾಯಣಗಾವ್, ಅದರ ಹತ್ತಿರ ಖೋಡದ್ ಎಂಬ ಹಳ್ಳಿ. ಅಲ್ಲಿರುವ ಜಿಎಂಆರ್‌ಟಿ ಎಂಬ ದೈತ್ಯ ರೇಡಿಯೋ ದೂರದರ್ಶಕಕ್ಕೆ 30 ಡಿಶ್‌ಗಳು, ಒಂದೊಂದರ ವ್ಯಾಸ 45 ಮೀಟರ್. ಬೆಳಕು ನೋಡುವ ದೂರದರ್ಶಕದ ಹಾಗೆ ಇದಕ್ಕೆ ಬೆಟ್ಟದ ತುದಿಯೇ ಬೇಕೆಂದಿಲ್ಲ, ಇದು ನೋಡುವುದು ಬೆಳಕನ್ನಲ್ಲ, ಹಿಡಿಯುವುದು ರೇಡಿಯೋ ಅಲೆಗಳನ್ನು. ದೂರದ ಗೆಲಾಕ್ಸಿಯಿಂದ ಬರುವ ಅಲೆ ಎಷ್ಟು ಕ್ಷೀಣ ಅಂದರೆ, ಪಕ್ಕದಲ್ಲಿ ಒಂದು ಮೊಬೈಲ್ ಇದ್ದರೂ ಅದು ಮುಳುಗಿಹೋಗುತ್ತದೆ. ಊರಿನ ರೇಡಿಯೋ ಗದ್ದಲ ಕಡಿಮೆ ಇರುವ ಜಾಗ ಹುಡುಕಿಕೊಂಡೇ ಅಲ್ಲಿಗೆ ಹೋದದ್ದು. ಇರಾನಿಯವರು ರೈಲಿಲ್ಲದ ಹೊತ್ತು ಹುಡುಕಿದರು, ಜಿಎಂಆರ್‌ಟಿಯವರು ಗದ್ದಲವಿಲ್ಲದ ಊರು ಹುಡುಕಿದರು, ಅಷ್ಟೇ.