ಕಾಲು ಎಳೆದುಕೊಂಡರೆ ನೋವು ತಿಳಿದಂತಲ್ಲ

ತೋರಣಗಲ್ಲು ಕಡೆ ಅದಿರಿನ ಲಾರಿಗೋ, ಸಿಂಧನೂರು ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರಿಗೋ ಸಿಕ್ಕು ಸೊಂಟ ಬಿದ್ದ ನಾಯಿಯನ್ನು ಹೊತ್ತು ತಂದವರು ಮೇಜಿನ ಮೇಲೆ ಮಲಗಿಸುವ ಮೊದಲೇ ಹೇಳುವುದು ಒಂದೇ ಮಾತು: "ಬೆರಳು ಚಿವುಟಿದ್ರ ಕಾಲು ಎಳ್ಕೊಳ್ಳಾಕತ್ತೈತ್ರಿ ಸರ. ಕಾಲಾಗ ಜೀವ ಐತಿ. ಎರಡು ಇಂಜೆಕ್ಷನ್ ಹಾಕ್ರಿ, ಎದ್ದು ನಿಲ್ತೈತಿ." ಸಾಕಿದವರು ಹೀಗೆ ಅಂದರೆ ಬೇಸರವಿಲ್ಲ, ಅದು ಆಸೆಯ ಮಾತು. ಆದರೆ ನಮ್ಮ ಪಶುವೈದ್ಯ ವೃತ್ತಿಯವರೇ ಕಾಲು ಎಳೆದದ್ದನ್ನು ನೋಡಿ ಕೇಸ್ ಶೀಟಿನಲ್ಲಿ 'ನೋವಿನ ಅರಿವು ಇದೆ' ಎಂದು ಬರೆದಾಗ ಸಿಟ್ಟು ಬರುತ್ತದೆ.

ಬೆರಳು ಹಿಂಡಿದಾಗ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಕಾಲು ಮಡಚುವ ಆಜ್ಞೆ ಅಲ್ಲಿಂದಲೇ ಸ್ನಾಯುವಿಗೆ ವಾಪಸ್ ಬರುತ್ತದೆ. ಊರ ಜಗಳ ಕಟ್ಟೆಯ ಮೇಲೇ ತೀರಿದ ಹಾಗೆ. ತಾಲ್ಲೂಕು ಕಚೇರಿಗೆ ಸುದ್ದಿ ಮುಟ್ಟಲೇಬೇಕೆಂದಿಲ್ಲ. ನಡುಬೆನ್ನಿನಲ್ಲಿ ಹುರಿ ಪೂರ್ತಿ ತುಂಡಾದ ನಾಯಿಯೂ ಹಿಂಗಾಲನ್ನು ಚೆನ್ನಾಗಿಯೇ ಎಳೆದುಕೊಳ್ಳುತ್ತದೆ. ನೋವು ತಿಳಿಯಬೇಕಾದರೆ ಸುದ್ದಿ ಮಿದುಳಿನವರೆಗೆ ಹೋಗಬೇಕು. ಹೋಯಿತೋ ಇಲ್ಲವೋ ಎಂಬುದನ್ನು ಕಾಲು ಹೇಳದು, ಮುಖ ಹೇಳುತ್ತದೆ.

ಹಾಗಾಗಿ ಒಬ್ಬರು ಕಾಲ ಬಳಿ, ಇನ್ನೊಬ್ಬರು ತಲೆಯ ಬಳಿ ಇರಬೇಕು. ಮೊದಲು ಬೆರಳ ನಡುವಿನ ಚರ್ಮವನ್ನು ಮೆಲ್ಲಗೆ ಹಿಂಡಿ. ನಾಯಿ ತಿರುಗಿ ನೋಡಿದರೆ, ಕುಂಯ್‌ಗುಟ್ಟಿದರೆ, ಕಚ್ಚಲು ಬಂದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಒತ್ತುವುದು ಬರೀ ಹಿಂಸೆ. ಏನೂ ಆಗದಿದ್ದರೆ ಮಾತ್ರ ಚಿಮ್ಮಟದಂಥ ಆರ್ಟರಿ ಫೋರ್ಸೆಪ್ಸ್‌ನಿಂದ ಬೆರಳ ಮೂಳೆಗೆ ಅಡ್ಡಲಾಗಿ ಹಿಡಿದು ನಿಧಾನವಾಗಿ ಬಿಗಿ ಮಾಡಿ. ಎರಡೂ ಕಾಲಿನ ಒಳಬೆರಳು, ಹೊರಬೆರಳು, ಆಮೇಲೆ ಬಾಲ. ಕಣ್ಣಿನ ಪಾಪೆ ಹಿಗ್ಗುವುದು, ಉಸಿರಾಟ ಬದಲಾಗುವುದು ಕೂಡ ಉತ್ತರವೇ. ಹೆದರಿ ಮುದುರಿದ ಬೀದಿನಾಯಿಯಲ್ಲಿ ಇವು ತಪ್ಪುದಾರಿಗೆ ಎಳೆಯಬಹುದು, ಅನುಮಾನವಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಬರುವ ದಾರಿಯಲ್ಲೇ ಯಾರೋ ಮಂಪರು ಬರಿಸುವ ಕ್ಸೈಲಾಜಿನ್ ಮದ್ದು ಕೊಟ್ಟು ಕಳಿಸಿದ್ದರೆ ಆ ಹೊತ್ತಿನ ಪರೀಕ್ಷೆಯನ್ನು ನಂಬಬೇಡಿ.

ಹಾಗಾದರೆ ರಿಫ್ಲೆಕ್ಸ್, ಅಂದರೆ ಮಿದುಳನ್ನು ಕೇಳದೆ ಹುರಿಯಿಂದಲೇ ಆಗುವ ಈ ಚಲನೆ, ಯಾಕೆ ನೋಡಬೇಕು? ಪೆಟ್ಟು ಎಲ್ಲಿದೆ ಎಂದು ತಿಳಿಯಲು. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ತೊಡೆಯ ಕೆಳಗೆ ಕೈಯಿಟ್ಟು, ಮಂಡಿಯನ್ನು ಸ್ವಲ್ಪ ಮಡಚಿ, ಚಿಪ್ಪಿನ ಕೆಳಗಿನ ಪಟ್ಟಿಗೆ ಸುತ್ತಿಗೆಯಿಂದ ತಟ್ಟಿ. ಕಾಲು ಒಮ್ಮೆ ಮುಂದಕ್ಕೆ ಚಿಮ್ಮಬೇಕು. ಇದು ಸೊಂಟದ 4ರಿಂದ 6ನೇ ಹುರಿಖಂಡಗಳ (ತಲೆಯಿಂದ ಬಾಲದ ಕಡೆಗೆ ಎಣಿಸುವ ಬೆನ್ನುಹುರಿಯ ಭಾಗಗಳ) ಕೆಲಸ. ಕಾಲು ಎಳೆಯುವ ಕೆಲಸ ಅದಕ್ಕಿಂತ ಹಿಂದಿನ ಖಂಡಗಳದ್ದು. ಹಿಂಗಾಲು ಬಿದ್ದೂ ಇವೆರಡೂ ಸರಿ ಇದ್ದರೆ, ಇಲ್ಲವೇ ಜಾಸ್ತಿಯೇ ಇದ್ದರೆ, ಪೆಟ್ಟು ಎದೆಯ 3ರಿಂದ ಸೊಂಟದ 3ನೇ ಖಂಡದ ನಡುವೆ. ಕುಂದಿದ್ದರೆ ಅದಕ್ಕಿಂತ ಹಿಂದೆ. ಸಡಿಲ ಬಿಡದೆ ಬಿಗಿ ಹಿಡಿದ ಕಾಲು, ವಯಸ್ಸಾದ ನಾಯಿ, ಸವೆದ ಮಂಡಿ — ಇವುಗಳಲ್ಲಿ ನರ ಸರಿಯಿದ್ದೂ ಮಂಡಿ ಚಿಮ್ಮದೇ ಇರಬಹುದು. ತೊಡೆಯ ಹಿಂಬದಿಯಲ್ಲಿ ಇಳಿಯುವ ಸಯಾಟಿಕ್ ನರ ಕೆಟ್ಟಾಗಲಂತೂ ತಡೆಯುವ ಸ್ನಾಯು ಸೋತು ಮಂಡಿ ಹೆಚ್ಚೇ ಚಿಮ್ಮುತ್ತದೆ. ಅಲ್ಲಿ ಕಾಲೆಳೆಯುವುದನ್ನೂ ನೋಡದವರು ಪೆಟ್ಟು ಮುಂದಿದೆ ಎಂದು ಮೋಸಹೋಗುತ್ತಾರೆ.

ಬೆನ್ನಿನ ಚರ್ಮವನ್ನು ಸೊಂಟದ ಮೂಳೆಯ ಹತ್ತಿರದಿಂದ ಮುಂದಕ್ಕೆ ಹಿಂಡುತ್ತ ಬನ್ನಿ, ನಡುಗೆರೆಯ ಎರಡೂ ಬದಿ. ಎಲ್ಲಿಂದ ಚರ್ಮ ಅದುರತೊಡಗುತ್ತದೋ ಅದಕ್ಕಿಂತ ಒಂದೆರಡು, ಕೆಲವೊಮ್ಮೆ ನಾಲ್ಕು ಖಂಡ ಮುಂದೆ ಪೆಟ್ಟಿರುತ್ತದೆ. ಎಕ್ಸ್‌ರೇ ಯಾವ ಜಾಗಕ್ಕೆ ಹಿಡಿಯಬೇಕೆಂದು ಗೊತ್ತಾಗುವುದೇ ಹೀಗೆ. ಆದರೆ ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ಹುರಿಯಲ್ಲ.

ಅಪಘಾತದ ಮೊದಲ ಒಂದೆರಡು ದಿನ ಹುರಿ ಆಘಾತದಲ್ಲಿದ್ದು ರಿಫ್ಲೆಕ್ಸ್ ಮಂಕಾಗಿರಬಹುದು, ಮತ್ತೆ ಪರೀಕ್ಷಿಸದೆ ಕೈಚೆಲ್ಲಬೇಡಿ. ಮುಂಗಾಲು ಕೋಲಿನಂತೆ ಸೆಟೆದಿದ್ದರೆ ನಾಲ್ಕೂ ಕಾಲು ಹೋದವೆಂದು ಗಾಬರಿ ಬೇಡ. ನಡುಬೆನ್ನಿನ ಪೆಟ್ಟಿನಲ್ಲೂ ಹೀಗಾಗುತ್ತದೆ, ಆ ಮುಂಗಾಲಿನಲ್ಲಿ ಬಲ ಇದ್ದೇ ಇರುತ್ತದೆ. ಮೂಳೆ ಮುರಿದು ಜರುಗಿ ನೋವಿನ ಅರಿವೂ ಹೋಗಿದ್ದರೆ ನಡೆಯುವ ಆಸೆ ತೀರಾ ಕಡಿಮೆ, ಅದನ್ನು ಮನೆಯವರಿಗೆ ನೇರವಾಗಿ ಹೇಳಿ. ಅರಿವು ಉಳಿದಿದ್ದರೆ ಬೀದರ್‌ನ ಪಶುವೈದ್ಯ ಕಾಲೇಜಿಗೋ ಬೆಂಗಳೂರಿಗೋ ಕಳಿಸುವ ಮಾತು ತೆಗೆಯಬಹುದು.

ತರುವವರಿಗೆ ಇಷ್ಟು: ಗೋಣಿಚೀಲದಲ್ಲಿ ತೂಗಿಸಿಕೊಂಡು ತರಬೇಡಿ, ಹಲಗೆಯ ಮೇಲೆ ಮಲಗಿಸಿ, ಬಟ್ಟೆಯಿಂದ ಕಟ್ಟಿ ತನ್ನಿ. ಉಚ್ಚೆ ಕಟ್ಟಿದ್ದರೆ ದಿನಕ್ಕೆ ಮೂರ್ನಾಲ್ಕು ಸಲ ಖಾಲಿ ಮಾಡಿಸಬೇಕು, ಹೇಗೆಂದು ವೈದ್ಯರಿಂದ ಕೈಯಾರೆ ಕಲಿತುಕೊಳ್ಳಿ. ಯಾವ ಪೆಟ್ಟೂ ಇಲ್ಲದೆ ಕಾಲು ಸೋತು, ದವಡೆ ಜೋತು, ಜೊಲ್ಲು ಸುರಿಸುವ ನಾಯಿಯ ಬಾಯಿಗೆ ಮಾತ್ರ ಕೈ ಹಾಕಬೇಡಿ. ಅದು ರೇಬೀಸ್ ಇರಬಹುದು, ಅಲ್ಲಿ ಸುತ್ತಿಗೆ ಹಿಡಿಯುವ ಮೊದಲು ನಾವೂ ದೂರ ನಿಂತೇ ನೋಡುತ್ತೇವೆ.