ಐಪಿವಿ4 ಮತ್ತು ಐಪಿವಿ6: ಎರಡಕ್ಕೂ ಒಗ್ಗುವ ಸಾಕೆಟ್ ಕೋಡ್

ಅಂತರ್ಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ವಿಳಾಸಗಳಲ್ಲಿ ಎರಡು ಬಗೆ: ಹಳೆಯ ಐಪಿವಿ4ಕ್ಕೆ 32 ಬಿಟ್, ಹೊಸ ಐಪಿವಿ6ಕ್ಕೆ 128. ಹಳೆಯ ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಆದರೂ ಐಪಿವಿ4 ಮನೆ ಖಾಲಿ ಮಾಡಿಲ್ಲ. ಆದ್ದರಿಂದ ನಾವು ಬರೆಯುವ ಪ್ರೋಗ್ರಾಂ ಎರಡರಲ್ಲೂ ನಡೆಯಬೇಕು. ‘ಇದು ನಾಲ್ಕಾದರೆ ಹೀಗೆ, ಆರಾದರೆ ಹಾಗೆ’ ಎಂದು ಊರೆಲ್ಲ ಇಫ್‌ಗಳನ್ನು ನೆಡುವುದು ತಪ್ಪು ದಾರಿ. ವಿಳಾಸ ಯಾವ ಜಾತಿಯದೆಂದು ಕೋಡ್‌ಗೆ ಗೊತ್ತಾಗದಿದ್ದಷ್ಟೂ ಒಳ್ಳೆಯದು.

ಮೊದಲು ಕ್ಲೈಂಟ್. ಹಳೆಯ ಪಠ್ಯಗಳು ಕಲಿಸುವ ‘ಗೆಟ್‌ಹೋಸ್ಟ್‌ಬೈನೇಮ್’ ಬಿಟ್ಟು ‘ಗೆಟ್‌ಅಡ್ರ್‌ಇನ್ಫೊ’ ಬಳಸಿ. ತಾಣದ ಹೆಸರು ಕೊಟ್ಟರೆ ಅದು ವಿಳಾಸಗಳ ಪಟ್ಟಿಯನ್ನೇ ಕೊಡುತ್ತದೆ. ಪಟ್ಟಿಯ ಪ್ರತಿ ನಮೂದಿನಲ್ಲಿರುವ ಫ್ಯಾಮಿಲಿಯನ್ನೇ (ವಿಳಾಸದ ಬಗೆ) ಸಾಕೆಟ್‌ಗೆ, ಅಂದರೆ ಪ್ರೋಗ್ರಾಂ ಜಾಲಕ್ಕೆ ಸೇರುವ ಕೊಂಡಿಗೆ, ಕೊಟ್ಟು ಸಂಪರ್ಕಿಸಿ. ಆಗದಿದ್ದರೆ ಮುಚ್ಚಿ ಮುಂದಿನದಕ್ಕೆ ಹೋಗಿ. ಮೊದಲನೆಯದನ್ನು ಮಾತ್ರ ನೋಡಿ ಕೈಬಿಡುವ ಕೋಡ್ ಇಂದಿಗೂ ಹೇರಳವಾಗಿದೆ. ಐಪಿವಿ6 ದಾರಿ ಕೆಟ್ಟಿದ್ದು ಉತ್ತರವೇ ಬಾರದಿದ್ದರೆ, ಲಿನಕ್ಸ್‌ನಲ್ಲಿ ಒಂದೊಂದು ಪ್ರಯತ್ನವೂ ಎರಡು ನಿಮಿಷ ನುಂಗಬಹುದು. ಇದಕ್ಕೆ ಮದ್ದು ‘ಹ್ಯಾಪಿ ಐಬಾಲ್ಸ್’ (ಅಂತರ್ಜಾಲ ಮಾನದಂಡ ಆರ್‌ಎಫ್‌ಸಿ 8305, 2017): ಸುಮಾರು 250 ಮಿಲಿಸೆಕೆಂಡ್ ಕಾದು, ಮೊದಲನೆಯದನ್ನು ನಿಲ್ಲಿಸದೆಯೇ ಎರಡನೆಯದನ್ನೂ ಶುರು ಮಾಡುವುದು. ಗೆದ್ದದ್ದು ಉಳಿಯುತ್ತದೆ.

ಸರ್ವರ್ ಕಡೆ ಗೊಂದಲ ಹೆಚ್ಚು. ಒಂದೇ ಐಪಿವಿ6 ಸಾಕೆಟ್ ಎರಡನ್ನೂ ಕೇಳಬಲ್ಲದು, ‘ಐಪಿವಿ6 ಮಾತ್ರ ಕೇಳು’ ಎನ್ನುವ ‘ವಿ6ಓನ್ಲಿ’ ಆಯ್ಕೆ ಆಫ್ ಆಗಿದ್ದರೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಆಫ್, ವಿಂಡೋಸ್‌ನಲ್ಲಿ ಆನ್; ಓಪನ್‌ಬಿಎಸ್‌ಡಿ ಆಫ್ ಮಾಡಲು ಬಿಡುವುದೇ ಇಲ್ಲ. ಇನ್ನೊಂದು ತೊಡಕೂ ಇದೆ. ಹೀಗೆ ಬಂದ ಐಪಿವಿ4 ಗ್ರಾಹಕ ‘::ಎಫ್‌ಎಫ್‌ಎಫ್‌ಎಫ್:192.0.2.7’ ಎಂಬ ವೇಷದಲ್ಲಿ ಕಾಣಿಸುತ್ತಾನೆ. ‘192.0.2.7’ಕ್ಕೆ ಪ್ರವೇಶವಿಲ್ಲ ಎಂದು ಬರೆದಿಟ್ಟ ನಿಯಮ ಅವನನ್ನು ಗುರುತಿಸದೆ ಒಳಗೆ ಬಿಡುತ್ತದೆ. ಹಾಗಾಗಿ ನನ್ನ ಮತ ಎರಡು ಪ್ರತ್ಯೇಕ ಸಾಕೆಟ್‌ಗಳಿಗೆ. ಆರರ ಸಾಕೆಟ್‌ನಲ್ಲಿ ‘ವಿ6ಓನ್ಲಿ’ಯನ್ನು ನಾವೇ ಆನ್ ಮಾಡಬೇಕು, ಮರೆತರೆ ಲಿನಕ್ಸ್‌ನಲ್ಲಿ ಎರಡನೆಯ ಬೈಂಡ್ (ಸಾಕೆಟ್ ಅನ್ನು ಪೋರ್ಟ್‌ಗೆ ಕಟ್ಟುವ ಕರೆ) ‘ವಿಳಾಸ ಬಳಕೆಯಲ್ಲಿದೆ’ ಎಂದು ಮುನಿಯುತ್ತದೆ.

ಇಷ್ಟಾದರೂ ಬಗ್‌ಗಳು ಉಳಿಯುವುದು ನೆಟ್‌ವರ್ಕ್ ಕೋಡ್‌ನಿಂದ ದೂರದಲ್ಲಿ, ಪಠ್ಯ ಸಂಸ್ಕರಣೆಯಲ್ಲಿ. ‘ಹೋಸ್ಟ್:ಪೋರ್ಟ್’ ಅನ್ನು ಕೊನೆಯ ಕೋಲನ್ ಬಳಿ ಕತ್ತರಿಸುವ ಫಂಕ್ಷನ್‌ಗೆ ಐಪಿವಿ6 ವಿಳಾಸ ‘::1’ ಕೊಟ್ಟು ನೋಡಿ: ಹೋಸ್ಟ್ ಒಂದು ಒಂಟಿ ಕೋಲನ್, ಪೋರ್ಟ್ 1! ಸರಿಯಾದ ರೂಪ ‘[::1]:8080’. ಡೇಟಾಬೇಸ್‌ನಲ್ಲಿ 15 ಅಕ್ಷರದ ಕಾಲಂ ಐಪಿವಿ4ಕ್ಕೆ ಸಾಕು. ಮೇಲಿನ ವೇಷವೂ ಸೇರಿದರೆ 45 ಬೇಕು. ಹೋಲಿಕೆಯನ್ನು ಪಠ್ಯದಲ್ಲಿ ಮಾಡಬೇಡಿ, ಬೈಟ್‌ಗಳಲ್ಲಿ ಮಾಡಿ: ‘0:0:0:0:0:0:0:1’ ಮತ್ತು ‘::1’ ಒಂದೇ ವಿಳಾಸ.

ಪರೀಕ್ಷೆಗೆ ಐಪಿವಿ6 ಮಾತ್ರ ಇರುವ ಜಾಲ ಬೇಕು. ಆಪ್‌ಗಳು ಅಂಥ ಜಾಲದಲ್ಲೂ ನಡೆಯಬೇಕೆಂದು ಆಪಲ್ ತನ್ನ ಆಪ್ ಸ್ಟೋರ್‌ಗೆ 2016ರ ಜೂನ್‌ನಿಂದ ಷರತ್ತು ಹಾಕಿದೆ. ಅಂಥ ಜಾಲದಲ್ಲಿ ಐಪಿವಿ4 ಮಾತ್ರ ಇರುವ ತಾಣದ ಹೆಸರು ಕೇಳಿದರೆ ಡಿಎನ್‌ಎಸ್64 (ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಒಂದು ರೂಪ) ಒಂದು ಐಪಿವಿ6 ವಿಳಾಸ ಕಟ್ಟಿಕೊಡುತ್ತದೆ, ವಿಳಾಸ ಬದಲಿಸುವ ನ್ಯಾಟ್64 ಅಲ್ಲಿಗೆ ಹೋಗುವ ಪ್ಯಾಕೆಟ್‌ಗಳನ್ನು ಐಪಿವಿ4 ಕಡೆಗೆ ದಾಟಿಸುತ್ತದೆ. ಕೋಡ್‌ನಲ್ಲಿ ಅಂಕಿಗಳಲ್ಲೇ ಬರೆದಿಟ್ಟ ವಿಳಾಸ ಡಿಎನ್‌ಎಸ್ ಬಳಿ ಸುಳಿಯುವುದೇ ಇಲ್ಲವಾದ್ದರಿಂದ ಅದಕ್ಕೆ ಈ ಸೌಲಭ್ಯ ಸಿಗದು. ಎಲ್ಲೆಡೆ ಹೆಸರನ್ನೇ ಬಳಸಿ.